ಆರು ತಿಂಗಳಾದರೂ ಕೀವು ನಿಲ್ಲದ ಕಾಲಿನ ಗಾಯ: ಪ್ರತಿಕ್ರಿಯೆ

ಶೆಲ್ ದಾಳಿಯಲ್ಲಿ ಮೂಳೆ ಮುರಿದು ಶಿಬಿರ ಸೇರಿದವರಿಗೆ 3 ಕೋರ್ಸ್ ಆ್ಯಂಟಿಬಯಾಟಿಕ್ ಮುಗಿದರೂ ಕೀವು ನಿಂತಿಲ್ಲ, ಇನ್ನೂ ಬಲವಾದದ್ದು ಕೊಡಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಲಕ್ಷಣ ನೋಡಿದರೆ ಇದು ಮೂಳೆಯ ಸೋಂಕು. ಸತ್ತ ಮೂಳೆಚೂರಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಔಷಧವೂ ತಲುಪುವುದಿಲ್ಲ. ಮತ್ತೆ ಮತ್ತೆ ಕೊಟ್ಟರೆ ನಿರೋಧಕ ತಳಿಗಳು, ಅಂದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ, ಮಾತ್ರ ಉಳಿದುಕೊಳ್ಳುತ್ತವೆ. ಮೊದಲು ಎಕ್ಸ್‌ರೇ ತೆಗೆಸಿ, ಮೂಳೆ ಶಸ್ತ್ರಚಿಕಿತ್ಸೆ ಇರುವಲ್ಲಿಗೆ ಕಳಿಸಿ.

ಕೀವಿನ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿ) ವರದಿಯನ್ನು ನೆಚ್ಚಿಕೊಳ್ಳಬೇಡಿ. ಗಾಯದ ಬಾಯಲ್ಲಿ ಸಿಗುವುದು ಹೆಚ್ಚಾಗಿ ಚರ್ಮದ ಮೇಲಿನ ಬ್ಯಾಕ್ಟೀರಿಯಾ, ಒಳಗಿನ ರೋಗಾಣುವೇ ಬೇರೆ ಇರಬಹುದು. ಜ್ವರ, ಹರಡುವ ಕೆಂಪು ಇಲ್ಲದಿದ್ದರೆ, ವೈದ್ಯರ ಒಪ್ಪಿಗೆಯ ಮೇಲೆ ಸುಮಾರು 2 ವಾರ ಆ್ಯಂಟಿಬಯಾಟಿಕ್ ನಿಲ್ಲಿಸಿ, ಆಮೇಲೆ ಆಪರೇಷನ್‌ನಲ್ಲಿ ಆಳದಿಂದ ಮೂಳೆ, ಅಂಗಾಂಶದ 3ರಿಂದ 5 ತುಣುಕು ತೆಗೆಯಬೇಕು. ಪ್ರತಿ ತುಣುಕಿಗೂ ಬೇರೆ ಸ್ಟೆರೈಲ್ ಉಪಕರಣ, ಬೇರೆ ಡಬ್ಬಿ. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಹೋಗುವ ತುಣುಕನ್ನು ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರಾವಣ) ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವರದಿ ‘ಏನೂ ಬೆಳೆದಿಲ್ಲ’ ಎಂದು ಬರುತ್ತದೆ. ಈ ಎಡವಟ್ಟು ಅಪರೂಪವೇನಲ್ಲ.

ಸತ್ತ ಮೂಳೆ ಕೆರೆದು ತೆಗೆದ ಮೇಲೆ ವರದಿಗೆ ಹೊಂದುವ ಔಷಧ, ಸಾಮಾನ್ಯವಾಗಿ 6 ವಾರ. ಅಷ್ಟರೊಳಗೆ ರೋಗಿ ಶಿಬಿರ ಬದಲಿಸುವ ಸಂಭವವಿದ್ದರೆ ಕಲ್ಚರ್ ವರದಿ, ಕೊಟ್ಟ ಔಷಧ, ಡೋಸ್, ದಿನಾಂಕ ಬರೆದ ಚೀಟಿ ಅವರ ಕೈಯಲ್ಲೇ ಇರಲಿ.