ಓದುಗರ ಪ್ರಶ್ನೆ: ಅಮೆರಿಕದ ಹಳ್ಳಿಗಳ ನೀರಿನ ಗಿರಣಿ

ಪ್ರಶ್ನೆ: ಅಮೆರಿಕದ ಹಳೇ ಹಿಟ್ಟಿನ ಗಿರಣಿಗಳ ಚಿತ್ರಗಳಲ್ಲಿ ಹೊರಗಿನ ನೀರಿನ ಚಕ್ರವಷ್ಟೇ ಕಾಣುತ್ತದೆ. ಒಳಗೆ ಏನಿರುತ್ತಿತ್ತು?

ಉತ್ತರ: ಚಕ್ರ ನೋಡಲು ಚೆಂದ, ಅಷ್ಟೇ. ಗಿರಣಿಯವನ ಕಸುಬೆಲ್ಲ ಕಲ್ಲಿನಲ್ಲಿತ್ತು. ನಿಧಾನವಾಗಿ ಸುತ್ತುವ ಚಕ್ರದ ವೇಗವನ್ನು ಮರದ ಹಲ್ಲುಗಾಲಿಗಳು ಹೆಚ್ಚಿಸಿ, 4 ಅಡಿ ಅಗಲದ ಮೇಲ್ಗಲ್ಲನ್ನು ನಿಮಿಷಕ್ಕೆ ಸುಮಾರು 100ರಿಂದ 120 ಸುತ್ತು ತಿರುಗಿಸುತ್ತಿದ್ದವು. ಆ ಕಲ್ಲು ಸುಮಾರು ಒಂದು ಟನ್ ತೂಗುತ್ತದೆ. ಆದರೂ ಅದು ಅಲುಗದ ಕೆಳಗಲ್ಲಿಗೆ ತಾಗಕೂಡದು. ನಡುಗಣ್ಣಿನ ಹತ್ತಿರ ಕಾಳು ನುಸುಳುವಷ್ಟು ಸಂದು, ಅಂಚಿಗೆ ಬಂದಾಗ ತೆಳು ಕಾಗದದಷ್ಟು. ಸಂದು ಕಿರಿದಾದರೆ ಹಿಟ್ಟು ಬಿಸಿಯಾಗಿ ಕಮಟು ವಾಸನೆ ಬರುತ್ತದೆ, ಹಿರಿದಾದರೆ ನುಚ್ಚು ಬೀಳುತ್ತದೆ. ಸುರಿಯುವ ಹಿಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡಿಯೇ ಮೇಲ್ಗಲ್ಲನ್ನು ಕೂದಲೆಳೆಯಷ್ಟು ಎತ್ತುವುದು, ಇಳಿಸುವುದು.

ತೊಟ್ಟಿಯಲ್ಲಿ ಕಾಳು ಮುಗಿದರೆ ಕಲ್ಲಿಗೆ ಕಲ್ಲು ತಾಗಿ ಕಿಡಿ ಹಾರುತ್ತದೆ. ಹಿಟ್ಟಿನ ದೂಳು ತುಂಬಿದ ಮರದ ಕಟ್ಟಡಕ್ಕೆ ಅಷ್ಟು ಸಾಕು. ಅದಕ್ಕೇ ಎಷ್ಟೋ ಗಿರಣಿಗಳಲ್ಲಿ ಕಾಳು ತಳ ಕಂಡೊಡನೆ ತಾನೇ ಬಾರಿಸುವ ಗಂಟೆ ಕಟ್ಟಿರುತ್ತಿದ್ದರು.

ಇನ್ನು ಕಚ್ಚು. ಕಲ್ಲಿನ ಮುಖದಲ್ಲಿ ಕೊರೆದ ತೋಡುಗಳು ಕಾಳನ್ನು ಕತ್ತರಿಸಿ ಹಿಟ್ಟನ್ನು ಅಂಚಿಗೆ ತಳ್ಳುತ್ತವೆ, ಒಳಗೆ ಗಾಳಿಯಾಡಿಸುತ್ತವೆ. ಅವು ಸವೆದಾಗ ಮೇಲ್ಗಲ್ಲನ್ನು ರಾಟೆಯಿಂದ ಎತ್ತಿ ಮಗುಚಬೇಕು. ಕೆಂಪು ಬಣ್ಣ ಬಳಿದ ಮರದ ಪಟ್ಟಿಯನ್ನು ಅದರ ಮೇಲೆ ಎಳೆದರೆ ಉಬ್ಬಿದ ಜಾಗಕ್ಕೆ ಬಣ್ಣ ಹತ್ತುತ್ತದೆ. ಅಲ್ಲಷ್ಟೇ ಉಕ್ಕಿನ ಉಳಿಬಾಚಿಯಿಂದ ಕುಟ್ಟಬೇಕು. ಹಸಿ ಕಾಳು ಹಾಕಿದರೆ ತೋಡುಗಳಲ್ಲಿ ಹಿಟ್ಟು ಮೆತ್ತಿಕೊಂಡು ಈ ದುಡಿಮೆಯೆಲ್ಲ ದಂಡ.

ಪ್ರಶ್ನೆ: ಸುತ್ತಲಿನ ರೈತ ಕುಟುಂಬಗಳು ಬೀಸುವ ಕೂಲಿ ಎಷ್ಟು ಕೊಡುತ್ತಿದ್ದವು?

ಉತ್ತರ: ಹೆಚ್ಚಾಗಿ ಕಾಳಿನಲ್ಲೇ. ಪಾಲು ಎಲ್ಲ ಕಡೆ ಒಂದೇ ಅಲ್ಲ, ಗರಿಷ್ಠ ಎಷ್ಟೆಂದು ಕಾನೂನು ಗೊತ್ತುಮಾಡುತ್ತಿತ್ತು. ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ 1771ರಲ್ಲಿ ಕಟ್ಟಿಸಿದ ಗಿರಣಿಯಲ್ಲಿ ಎಂಟನೇ ಒಂದು ಪಾಲು. ಅಂದರೆ 56 ಪೌಂಡಿನ ಒಂದು ಬುಷೆಲ್ ಮೆಕ್ಕೆಜೋಳಕ್ಕೆ 7 ಪೌಂಡು. ಬೀಸುವ ಮೊದಲೇ ಗಿರಣಿಯವ ಅಳತೆಯಲ್ಲಿ ತುಂಬಿ, ಕೋಲಿನಿಂದ ತಲೆ ಸವರಿ ತನ್ನ ಪಾಲು ತೆಗೆಯುತ್ತಿದ್ದ. ಜಗಳ ಹುಟ್ಟುತ್ತಿದ್ದುದೂ ಅಲ್ಲೇ: ಸವರಿದನೋ, ಗೋಪುರ ಕಟ್ಟಿದನೋ!

ಪ್ರಶ್ನೆ: ಕಲ್ಲಿನ ಬದಲು ಲೋಹದ ಉರುಳೆಗಳಿಂದ ಅರೆಯುವ ರೋಲರ್ ಗಿರಣಿ ಬಂದ ಮೇಲೂ ಇವು ಉಳಿದದ್ದು ಹೇಗೆ?

ಉತ್ತರ: 1870ರ ದಶಕದಿಂದ ಗೋಧಿಹಿಟ್ಟು ದೊಡ್ಡ ಕಾರ್ಖಾನೆಗಳ ಪಾಲಾಯಿತು. ಆದರೆ ಕಲ್ಲಿನಲ್ಲಿ ಬೀಸಿದ ಮೆಕ್ಕೆಜೋಳದ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆ ಉಳಿಯುವುದರಿಂದ ಬೇಗ ಮುಗ್ಗಲು ಬರುತ್ತದೆ. ದಾಸ್ತಾನು ಮಾಡುವಂತಿಲ್ಲ. ಹೀಗಾಗಿ ಮೆಕ್ಕೆಜೋಳ ತಿನ್ನುವ ದಕ್ಷಿಣದ ಬೆಟ್ಟಸೀಮೆಯ ಕುಟುಂಬಗಳಿಗೆ ಹತ್ತಿರದ ಗಿರಣಿ ಇಪ್ಪತ್ತನೇ ಶತಮಾನದಲ್ಲೂ ಬೇಕಾಗಿತ್ತು.