ಬೇರೆ ಎಂಜಿನ್ ಬೇಡ, ಇದನ್ನೇ ಮಾಡಿಸಿ
ತಂದೆಯವರ 1969ರ ಜಾವಾ 250 ಬೈಕಿನ ಎಂಜಿನ್ ಸೀಜ್ ಆಗಿದೆ (ಪಿಸ್ಟನ್ ಜಾಮ್), ಗುಜರಿಯಲ್ಲಿ ಸಿಕ್ಕ ಬೇರೆ ಎಂಜಿನ್ ಕೂರಿಸಲೋ, ಇದನ್ನೇ ರೀಬಿಲ್ಡ್ ಮಾಡಿಸಲೋ ಅಂತ ಕೇಳಿದ್ದೀರಿ. ಇದನ್ನೇ ಮಾಡಿಸಿ ಸರ್.

ಮೊದಲು ಹೆಡ್, ಸಿಲಿಂಡರ್ ಬಿಚ್ಚಿಸಿ. ಪಿಸ್ಟನ್ನಿಗೂ ಕ್ರ್ಯಾಂಕಿಗೂ (ಕೆಳಗೆ ತಿರುಗುವ ದಂಡಕ್ಕೂ) ನಡುವಿನ ಕನೆಕ್ಟಿಂಗ್ ರಾಡ್ ಹಿಡಿದು ಆಡಿಸಿ ನೋಡಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಪರವಾಗಿಲ್ಲ. ಮೇಲೆ ಕೆಳಗೆ ಕಟಕಟ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ, ಕ್ರ್ಯಾಂಕ್ ಬಿಚ್ಚಲೇಬೇಕು. ಸಿಲಿಂಡರಿನಲ್ಲಿ ಗೀರು ಬಿದ್ದಿದ್ದರೆ ರೀಬೋರ್ ಮಾಡಿಸಿ (ಒಳಗೆ ಸ್ವಲ್ಪ ಕೊರೆಸಿ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಬೆಳಗಾವಿಯಲ್ಲೇ ಇದ್ದೀರಿ, ಉದ್ಯಮಬಾಗ್ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಬಲ್ಲವರಿಗೇನೂ ಬರವಿಲ್ಲ. ಆಯಿಲ್ ಸೀಲ್ ಮಾತ್ರ ಹಳೆಯದನ್ನೇ ಬಿಡಬೇಡಿ. ಟೂ ಸ್ಟ್ರೋಕ್ ಅಲ್ವಾ, ಆಯಿಲ್ ಬರುವುದೇ ಪೆಟ್ರೋಲ್ ಜೊತೆ ಬೆರೆತು; ಕ್ರ್ಯಾಂಕ್ ಸೀಲ್ ಗಾಳಿ ಎಳೆದರೆ ಪೆಟ್ರೋಲ್, ಆಯಿಲ್ ಎರಡೂ ಸಾಲದೆ ಪಿಸ್ಟನ್ ಕಾದು ಮತ್ತೆ ಜಾಮ್ ಆಗುತ್ತದೆ.

ಗುಜರಿ ಎಂಜಿನ್ನಿಗೂ ಈ ಖರ್ಚು ಹೆಚ್ಚುಕಮ್ಮಿ ಬಂದೇ ಬರುತ್ತದೆ. ಮೇಲಾಗಿ ಅದರ ಎಂಜಿನ್ ನಂಬರ್ ಬೇರೆ, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಎಂಜಿನ್ ಕೂಡ.

ಎಂಜಿನ್ ಕೇಸ್ (ಹೊರಗಿನ ಲೋಹದ ಕವಚ) ಒಡೆದು ವೆಲ್ಡಿಂಗಿಗೂ ಬಗ್ಗದಿದ್ದರೆ ಮಾತ್ರ ಇನ್ನೊಂದು ಎಂಜಿನ್ ನೋಡಿ. ಆಗಲೂ ನಂಬರ್ ಇರುವ ಹಳೇ ಕೇಸ್ ಮಾರಬೇಡಿ, ಎತ್ತಿಡಿ.