ಎಲ್ಲರೂ ಒಂದೇ ದಿನ ಸಿಕ್ ಲೀವ್ ಹಾಕೋದು ಬೇಡ

ನಿಮ್ಮ ತಂಗಿ ವಿಮಾನದಲ್ಲಿ ಕ್ಯಾಬಿನ್ ಕ್ರೂ, ರೋಸ್ಟರ್ (ಡ್ಯೂಟಿ ಪಟ್ಟಿ) ವಿಷಯಕ್ಕೆ ಸಿಟ್ಟಾಗಿ ಜೊತೆಯವರೆಲ್ಲ ಒಂದೇ ದಿನ ಸಿಕ್ ಲೀವ್ ಹಾಕೋಣ ಅಂತಿದ್ದಾರೆ, ಅವಳೂ ಹಾಕಲಾ ಅಂತ ಕೇಳಿದ್ದೀರಿ. ಬೇಡ ಅಂತ ಹೇಳ್ರಿ.

ಅವಳ ಸಿಟ್ಟು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಅಕ್ಕನ ಮಗಳದ್ದೂ ಇದೇ ಕೆಲಸ. ಹೋದ ಸಲ ಹುಬ್ಬಳ್ಳಿಗೆ ಬಂದಾಗ ಊಟಕ್ಕೆ ಕೂತಿದ್ದಳು, ಅರ್ಧ ರೊಟ್ಟಿ ಇನ್ನೂ ತಟ್ಟೆಯಲ್ಲೇ ಇತ್ತು, ರೋಸ್ಟರ್ ಬದಲಾಗಿದೆ ಅಂತ ಮೆಸೇಜ್ ಬಂತು, ಊದಿದ ಕಾಲಿಗೇ ಶೂ ಏರಿಸಿಕೊಂಡು ಗೋಕುಲ ರಸ್ತೆ ಏರ್‌ಪೋರ್ಟಿಗೆ ಓಡಿದಳು. ಅವರವ್ವ ಬಾಗಿಲಲ್ಲೇ ನಿಂತು ಅತ್ತರು.

ಆದ್ರೆ 2024ರ ಮೇ ನೆನಪಿದೆ ಅಲ್ವಾ? ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಿಬ್ಬಂದಿ ಹೀಗೇ ಒಟ್ಟಿಗೆ ಸಿಕ್ ಲೀವ್ ಹಾಕಿದಾಗ ಸುಮಾರು 25 ಜನರನ್ನು ಕೆಲಸದಿಂದ ತೆಗೆದರು. ದೆಹಲಿಯಲ್ಲಿ ಲೇಬರ್ ಕಮಿಷನರ್ ಮುಂದೆ ಮಾತುಕತೆ ಆದಮೇಲೆ ವಾಪಸ್ ತಗೊಂಡರು. ಅಲ್ಲಿ ಕೂತು ಮಾತಾಡೋಕೆ ಯೂನಿಯನ್ ಇತ್ತು. ನಿಮ್ಮ ತಂಗಿ ಕಡೆ ಇರೋದು ವಾಟ್ಸಾಪ್ ಗ್ರೂಪ್ ಮಾತ್ರ ಅಂದ್ರೆ ಅವಳ ಪರವಾಗಿ ಯಾರು ಕೂರ್ತಾರೆ?

ಸುಳ್ಳು ಕಾಯಿಲೆ ಹೇಳಿದ್ರೆ ಮ್ಯಾನೇಜ್‌ಮೆಂಟ್ ಮೊದಲು ಹಿಡಿಯೋದು ಆ ಸುಳ್ಳನ್ನೇ, ರೋಸ್ಟರ್ ವಿಷಯ ಹಿಂದೆ ಹೋಗುತ್ತೆ. ನೇರವಾಗಿ ಮುಷ್ಕರ ಮಾಡ್ತೀವಿ ಅಂದ್ರೂ 14 ದಿನ ಮೊದಲೇ ನೋಟಿಸ್ ಕೊಡಬೇಕು, ಸಂಧಾನ ನಡೆಯುವಾಗ ಮುಷ್ಕರ ಮಾಡುವಂತಿಲ್ಲ. ವಿಮಾನ ಕಂಪನಿಗಳ ವಿಷಯ ಕೇಂದ್ರದ ಲೇಬರ್ ಕಮಿಷನರ್ ಕಡೆ ಬರುತ್ತೆ, ಸುಮ್ನೆ ಧಾರವಾಡದ ಜಿಲ್ಲಾ ಕಚೇರಿಗೆ ಅಲೆಯಬೇಡಿ. ನಿಜವಾಗಿಯೂ ಹುಷಾರಿಲ್ಲ ಅಂದ್ರೆ ರಜೆ ಹಾಕಲಿ, ಡಾಕ್ಟರ್ ಚೀಟಿ ಇಟ್ಟುಕೊಳ್ಳಲಿ.

ಇವತ್ತೇ ಮೂರು ತಿಂಗಳ ರೋಸ್ಟರ್, ಬದಲಾವಣೆ ಮೆಸೇಜು ಎಲ್ಲ ತೆಗೆದಿಟ್ಟುಕೊಂಡು ಯೂನಿಯನ್‌ನವರನ್ನು ಕಾಣಲಿ.